ಅಪ್‌ಡೇಟ್: ನಾಲ್ಕು ಕಟ್ಟಡಗಳ ಎಸಿ ಗೊಂದಲ ಬಗೆಹರಿಯಿತು

ನಮ್ಮ ಕಚೇರಿ ಆವರಣದ ನಾಲ್ಕು ಕಟ್ಟಡಗಳ ಹಳೆಯ ಚಿಲ್ಲರ್ (ನೀರನ್ನು ತಣಿಸಿ ಕೊಳವೆಗಳಲ್ಲಿ ಕಟ್ಟಡಗಳಿಗೆ ಕಳುಹಿಸುವ ಯಂತ್ರ) ಬದಲಿಗೆ ಹೊಸ ಚಿಲ್ಲರೋ ವಿಆರ್‌ಎಫೋ (ನೀರಿನ ಬದಲು ತಂಪುಕಾರಕ ದ್ರವ್ಯವಾದ ರೆಫ್ರಿಜರೆಂಟನ್ನೇ ಪೈಪುಗಳಲ್ಲಿ ಕೋಣೆಕೋಣೆಗೂ ಒಯ್ಯುವ ಎಸಿ) ಎಂದು ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಕೊನೆಗೆ ಎರಡನ್ನೂ ಆರಿಸಿದೆವು. ಮೂರು ದೊಡ್ಡ ಕಟ್ಟಡಗಳಿಗೆ ವಾಟರ್ ಕೂಲ್ಡ್ ಚಿಲ್ಲರ್, ರಾತ್ರಿ ಪಾಳಿಯ ಚಿಕ್ಕ ಕಟ್ಟಡಕ್ಕೆ ವಿಆರ್‌ಎಫ್.

ದಾರಿ ತೋರಿಸಿದ್ದು, ‘ಗರಿಷ್ಠ ಹೊರೆ ಬಿಡಿ, ಗಂಟೆಗಂಟೆಯ ಹೊರೆ (ಎಷ್ಟು ತಂಪು ಬೇಕು ಎಂಬುದು) ಬರೆದಿಡಿ’ ಎಂದು ಉತ್ತರಿಸಿದವರ ಸಲಹೆ. ಬರೆದು ನೋಡಿದರೆ, ದೊಡ್ಡ ಕಟ್ಟಡಗಳ ಪಾಲಿಗೆ ರಾತ್ರಿಯಿಡೀ ಒಂದೇ ಒಂದು ಸರ್ವರ್ ಕೋಣೆಗಾಗಿ ಚಿಲ್ಲರ್, ಪಂಪು, ಬಿಸಿಯನ್ನು ಹೊರಗೆ ಬಿಡುವ ಕೂಲಿಂಗ್ ಟವರ್ ಎಲ್ಲವೂ ಓಡುತ್ತಿದ್ದವು! ಆ ಕೋಣೆಗೆ ಈಗ ಪ್ರತ್ಯೇಕ ಯಂತ್ರ ಬರಲಿದೆ.

ಚದರ ಅಡಿಗಿಷ್ಟು ಟನ್ ಎಸಿ ಎಂಬ ಲೆಕ್ಕ ಕೈಕೊಟ್ಟಿತು. ಬೇಕಾದದ್ದಕ್ಕಿಂತ ಬಹಳ ಹೆಚ್ಚು ತೋರಿಸಿತು. ಎಲ್ಲೆಡೆ ವಿಆರ್‌ಎಫ್ ಎಂಬ ಸಲಹೆಯೂ ಹೊಂದಲಿಲ್ಲ. ಪೈಪುಗಳು ತೀರ ಉದ್ದವಾಗುತ್ತಿದ್ದವು, ಚಿಕ್ಕ ಸಭಾಕೋಣೆಯೊಳಗೆ ಅಷ್ಟೊಂದು ರೆಫ್ರಿಜರೆಂಟ್ ಸೋರಿದರೆ ಎಂಬ ಭಯ ಬೇರೆ.

ನನಗೆ ಗೊತ್ತೇ ಇರದ ಸಂಗತಿಯೊಂದು ಹಳೆಯ ಕೊಳವೆಗಳಲ್ಲಿತ್ತು. 7 ಡಿಗ್ರಿಯಲ್ಲಿ ಹೊರಟ ನೀರು 12ರ ಆಸುಪಾಸಿನಲ್ಲಿ ಮರಳಬೇಕಿತ್ತು, ನಮ್ಮಲ್ಲಿ 9ಕ್ಕೇ ಬರುತ್ತಿತ್ತು. ಮೂರು ದಾರಿಯ ವಾಲ್ವ್‌ಗಳು ತಣ್ಣೀರನ್ನು ಕೋಣೆಯ ಗಾಳಿ ತಣಿಸುವ ಕಾಯಿಲ್‌ಗೆ ಮುಟ್ಟಿಸದೆಯೇ ವಾಪಸು ಕಳುಹಿಸುತ್ತಿದ್ದವು. ಪಾಪ, ಬೈಸಿಕೊಂಡದ್ದು ಮಾತ್ರ ಚಿಲ್ಲರ್. ಬೇಡದಾಗ ನೀರನ್ನು ತಡೆಯುವ ಎರಡು ದಾರಿಯ ವಾಲ್ವ್, ಪಂಪಿನ ವೇಗ ಹೊಂದಿಸುವ ವಿಎಫ್‌ಡಿ ಎರಡಕ್ಕೂ ನಿನ್ನೆ ಆರ್ಡರ್ ಕೊಟ್ಟೆವು.