‘ಕರಿನೀರಿಗೆ ಹೋದವರು’ ಅಂದರೆ ಎಲ್ಲಿಗೆ ಹೋದವರು?

ನಮ್ಮದು ಹರಪನಹಳ್ಳಿ ಕಡೆಯ ಮನೆತನ, ಈಗ ಇರೋದು ದಾವಣಗೆರೆ. ಮುತ್ತಜ್ಜನ ಅಣ್ಣ ಬದುವಿನ ಜಗಳದಲ್ಲಿ ಕೊಲೆ ಮಾಡಿ, ಧಾತು ಬರ ಕಳೆದ ಮೇಲೆ ‘ಕರಿನೀರಿಗೆ ಹೋದರು’ ಅಂತ ಮನೆಯಲ್ಲಿ ಹೇಳುತ್ತಾರೆ. ವಂಶಾವಳಿಯಲ್ಲಿ ಅವರ ಹೆಸರಿನ ಮುಂದೆ ಏನಂತ ಬರೆಯಲಿ?

‘ಗಡಿಪಾರು’ ಅಂದರೆ ಈಗ ಎಲೆಕ್ಷನ್ ಬಂದಾಗ ರೌಡಿಗಳನ್ನು ಜಿಲ್ಲೆಯಿಂದ ಆಚೆ ಅಟ್ಟೋದು. ‘ದ್ವೀಪಾಂತರ ಶಿಕ್ಷೆ’ ಅರ್ಥಕ್ಕೆ ಸರಿ, ಆದರೆ ನಮ್ಮಜ್ಜಿ ಬಾಯಲ್ಲಿ ಒಮ್ಮೆಯೂ ಬಂದಿಲ್ಲ. ‘ಜೀವಾವಧಿ’ ಅಂತ ಬರೆದರೆ ಬಳ್ಳಾರಿ ಜೈಲಲ್ಲೇ ಇದ್ದರು ಅನ್ನಿಸುತ್ತೆ; ದ್ವೀಪಾಂತರದ ಜಾಗದಲ್ಲಿ ಅದನ್ನು ತಂದಿದ್ದೇ ದಂಡ ಸಂಹಿತೆಗೆ ಆದ 1955ರ ತಿದ್ದುಪಡಿ.

ನನ್ನ ಓಟು ಕರಿನೀರಿಗೇ. ಆದರೆ ಹಾಗಂದ ತಕ್ಷಣ ಎಲ್ಲರೂ ಸೆಲ್ಯುಲರ್ ಜೈಲು ಅಂತಾರೆ. ಅದನ್ನು ಕಟ್ಟೋಕೆ ಶುರು ಮಾಡಿದ್ದು 1896ರಲ್ಲಿ, ಮುಗಿದದ್ದು 1906ರಲ್ಲಿ. ಪೋರ್ಟ್ ಬ್ಲೇರ್‌ಗೆ ಕೈದಿಗಳು ಹೋಗಿದ್ದು 1858ರಿಂದ, ಅದಕ್ಕೂ ಮುಂಚೆ ಪೆನಾಂಗ್, ಸಿಂಗಪುರ, ಮಾರಿಷಸ್‌ಗೂ ಕಳಿಸುತ್ತಿದ್ದರು, ಅವರೂ ಕಡಲು ದಾಟಿದವರೇ ಅಲ್ವಾ? ಧಾತು ಬರ 1876-78ರದ್ದು. ಹಾಗಾಗಿ ನಮ್ಮವರು ಹೋಗಿದ್ದು ಅಂಡಮಾನ್‌ಗೇ ಇರಬೇಕು, ಆದರೆ ಆ ಜೈಲು ಏಳೋಕೆ ಮುಂಚೆ. ಅಂದರೆ ಬ್ಯಾರಕ್ಕಿನ ವಾಸ, ಕಾಡು ಕಡಿಯೋ ಕೆಲಸ.

(ನಿಮ್ಮವರನ್ನೂ ಹುಡುಕುತ್ತಿದ್ದರೆ ಒಂದು ಮಾತು. ದಾವಣಗೆರೆ ಆಗ ಮೈಸೂರು ಸಂಸ್ಥಾನ, ಹರಪನಹಳ್ಳಿ ಬಳ್ಳಾರಿ ಜಿಲ್ಲೆ, ಅಂದರೆ ಮದ್ರಾಸ್. ಆ ಕಡತ ಸಿಕ್ಕರೆ ಚೆನ್ನೈಯಲ್ಲೇ. ಬೆಂಗಳೂರಲ್ಲಿ ಸುಮ್ನೆ ಅಲೆಯಬೇಡಿ.)

ಇನ್ನೆರಡು ಪದ ಬೇಕು. ಕೈದಿಗಳ ಕೊರಳಿಗೆ ಒಂದು ಮರದ ತುಂಡು ಕಟ್ಟುತ್ತಿದ್ದರು. ಅದರ ಮೇಲೆ ನಂಬರು, ಯಾವ ಕಲಂ, ಶಿಕ್ಷೆಯಾದ ತಾರೀಕು, ಬಿಡುಗಡೆ ತಾರೀಕು. ಇಂಗ್ಲಿಷಿನವರು ಇದಕ್ಕೆ ಟಿಕೆಟ್ ಅಂದರು, ನಾವು ಟಿಕೆಟ್ ಅಂದರೆ ಬಸ್ಸಿನದ್ದಾಗುತ್ತೆ. ಹಳೇ ಜವಾನರ ‘ಬಿಲ್ಲೆ’ ಇದಕ್ಕೆ ಒಪ್ಪುತ್ತಾ? ಅದು ಹಿತ್ತಾಳೆಯದು, ಮರ್ಯಾದೆಯ ಗುರುತು, ಅದೇ ನನಗೆ ಅನುಮಾನ.

ಎರಡನೆಯದು, ವರ್ಷಗಟ್ಟಲೆ ನಡತೆ ಸರಿಯಿದ್ದವರಿಗೆ ಅಲ್ಲೇ ಜಮೀನು ಕೊಟ್ಟು, ಮದುವೆಗೂ ಬಿಟ್ಟು, ‘ಸೆಲ್ಫ್ ಸಪೋರ್ಟರ್’ ಅನ್ನುತ್ತಿದ್ದರು. ‘ಸ್ವಾವಲಂಬಿ’ ಅಂದರೆ ಬ್ಯಾಂಕಿನ ಸಾಲದ ಸ್ಕೀಮಿನ ಹಾಗೆ ಕೇಳುತ್ತೆ. ‘ಬಿಡುಗೈದಿ’ ಅಂತ ಒಂದು ಹೊಳೆದಿದೆ, ಆದರೆ ಅವರು ಪೂರ್ತಿ ಬಿಡುಗಡೆ ಆದವರಲ್ಲ, ಊರಿಗೆ ಬರೋ ಹಾಗಿರಲಿಲ್ಲ.

ಜಗಳೂರು, ಮೊಳಕಾಲ್ಮೂರು ಕಡೆಯ ಹಿರಿಯರು ಇಂಥವರಿಗೆ ಬೇರೆ ಏನಾದರೂ ಮಾತು ಬಳಸುತ್ತಿದ್ದರಾ? ಕೇಳಿದ್ದವರು ತಿಳಿಸಿ.