ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರಪುಸ್ತಕಗಳು: ಮಕ್ಕಳಿಗೆ ಓದಿಸಿದವರ ಅನುಭವ

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿ ನೆಲೆಸಿದ್ದೇವೆ. ಮಗಳ ಶಾಲೆಯಲ್ಲಿ ಪ್ರತಿ ಸಭೆಗೂ ಮೊದಲು ಈ ನೆಲದ ಮೂಲ ಒಡೆಯರನ್ನು ಸ್ಮರಿಸುತ್ತಾರೆ. ಅವರು ಯಾರು, ಅವರ ಕಾಡಿನಲ್ಲಿ ಯಾವ ಪ್ರಾಣಿಗಳಿವೆ ಎಂದು ಅವಳು ಕೇಳುತ್ತಿರುತ್ತಾಳೆ. ಮೂಲನಿವಾಸಿಗಳೇ ಬರೆದ ಚಿತ್ರಪುಸ್ತಕಗಳನ್ನು ಓದಿಸಿದವರು ದಯವಿಟ್ಟು ಅನುಭವ ತಿಳಿಸಿ.

ಮೆಲ್ಬರ್ನ್‌ನ ಪೋಷಕರೊಬ್ಬರು: ‘ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಥೆ’ ಎಂದು ಒಟ್ಟಾರೆ ಹುಡುಕುವ ಮೊದಲು ನಿಮ್ಮ ಮನೆ ಯಾವ ಜನರ ನೆಲದಲ್ಲಿದೆ ಎಂಬುದನ್ನು ತಿಳಿದುಕೊಳ್ಳಿ. 1788ರಲ್ಲಿ ಬ್ರಿಟಿಷರು ಬಂದಿಳಿದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಮರುಭೂಮಿಯವರ ಕಥೆಯಲ್ಲಿ ನಿಮ್ಮ ಮನೆಯ ಹಿಂದಿನ ತೊರೆ ಸಿಗುವುದಿಲ್ಲ. ಮೆಲ್ಬರ್ನ್‌ನ ನಡುಭಾಗ ಮತ್ತು ಉತ್ತರ ಭಾಗ ವುರುಂಜೆರಿ ಜನರದು, ದಕ್ಷಿಣ ಬುನುರಂಗ್ ಜನರದು, ವೆರಿಬೀ ನದಿ ದಾಟಿ ಪಶ್ಚಿಮಕ್ಕೆ ಹೋದರೆ ವಾದವುರಂಗ್ ಜನರದು. ನಗರಸಭೆಯವರನ್ನು ಕೇಳಿದರೆ ಹೇಳುತ್ತಾರೆ.

ನಮ್ಮ ಮನೆಯಲ್ಲಿ ಹಾಳೆ ಸವೆಯುವಷ್ಟು ಓದಿದ್ದು ವುರುಂಜೆರಿ ಹಿರಿಯರಾದ ಆಂಟಿ ಜಾಯ್ ಮರ್ಫಿಯವರ ಎರಡು ಪುಸ್ತಕಗಳನ್ನು. ಎರಡರ ಚಿತ್ರಗಳೂ ಲಿಸಾ ಕೆನಡಿಯವರವು. ‘ವೆಲ್‌ಕಮ್ ಟು ಕಂಟ್ರಿ’ಯಲ್ಲಿ (2016) ಕಥೆ ಎಂಬುದಿಲ್ಲ, ನೆಲದವರು ಬಂದವರನ್ನು ಬರಮಾಡಿಕೊಳ್ಳುವ ಮಾತುಗಳಷ್ಟೇ ಇವೆ, ಕಥೆಯೇ ಬೇಕೆಂದು ಹಟ ಮಾಡುವ ಮಕ್ಕಳಿಗೆ ಇದು ಮೊದಲ ಸಲ ಹಿಡಿಸದಿರಬಹುದು. ಅದರಲ್ಲಿ ಅತಿಥಿಗೆ ಗಮ್ ಮರದ (ನೀಲಗಿರಿ ಜಾತಿಯ ಮರ) ಎಲೆ ಕೊಡುವ ಪುಟವೊಂದಿದೆ. ಊರಿನಿಂದ ಬಂದಿದ್ದ ನಮ್ಮ ಅತ್ತೆ ಅದನ್ನು ನೋಡಿ, ಬಂದವರಿಗೆ ನಾವು ವೀಳ್ಯದೆಲೆ ಕೊಡುವ ಹಾಗೆ ಎಂದರು. ಆದರೆ ಇಲ್ಲಿ ಸ್ವಾಗತದ ಜೊತೆಗೆ ಒಂದು ಕರಾರೂ ಇದೆ: ನೆಲದಿಂದ ಪಡೆದುದನ್ನು ನೆಲಕ್ಕೆ ಹಿಂದಿರುಗಿಸಬೇಕು. ಆ ಪುಟವನ್ನು ಅವಸರದಲ್ಲಿ ತಿರುವಬೇಡಿ.

ಪ್ರಾಣಿಗಳ ಬಗ್ಗೆ ತಿಳಿಯಲು ಎರಡನೆಯ ಪುಸ್ತಕ ‘ವಿಲಮ್’ (2019) ಇನ್ನೂ ಉತ್ತಮ. ಇದನ್ನು ಆಂಟಿ ಜಾಯ್ ಅವರು ಮೆಲ್ಬರ್ನ್‌ನ ಯಾರಾ ನದಿಯ ‘ಕೀಪರ್’, ಎಂದರೆ ನದಿಯ ಪರವಾಗಿ ದನಿಯೆತ್ತುವ ಕಾವಲುಗಾರ, ಆಗಿದ್ದ ಆಂಡ್ರ್ಯೂ ಕೆಲ್ಲಿಯವರೊಂದಿಗೆ ಬರೆದಿದ್ದಾರೆ. ಬುಂಜಿಲ್ ಎಂಬ ಹದ್ದು ಬೆಟ್ಟದ ಮೇಲಿಂದ ಹಾರತೊಡಗಿ, ಬಿರರಂಗ್ ಎಂದರೆ ಯಾರಾ ನದಿ, ಸಮುದ್ರ ಸೇರುವವರೆಗಿನ ದಾರಿಯನ್ನು ನಮಗೆ ತೋರಿಸುತ್ತದೆ. ಕಾಂಗರೂ, ಪ್ಲಾಟಿಪಸ್, ಹಾವುಮೀನುಗಳೆಲ್ಲ ವುರುಂಜೆರಿ ಜನರ ವೊಯ್ವುರಂಗ್ ಭಾಷೆಯ ಹೆಸರುಗಳಲ್ಲೇ ಬರುತ್ತವೆ, ಇಂದಿನ ನಗರವೂ ಆ ದಾರಿಯಲ್ಲೇ ಸಿಗುತ್ತದೆ. ಬುಲೀನ್ ಬಡಾವಣೆಯ ಬೋಲಿನ್ ಬೋಲಿನ್ ಕೊಳದ ದಡದಲ್ಲಿ ಕುಳಿತು ಇದನ್ನು ಓದಿಸಿ. ವುರುಂಜೆರಿ ಜನರು ಹಾವುಮೀನು ಹಿಡಿಯಲು ಸೇರುತ್ತಿದ್ದ ಜಾಗವದು. ಆ ಮೀನುಗಳು ಮೊಟ್ಟೆಯಿಡಲು ಸಾವಿರಾರು ಕಿಲೋಮೀಟರ್ ಈಜಿ ಕೋರಲ್ ಸಮುದ್ರಕ್ಕೆ ಹೋಗುತ್ತವೆ ಎಂದಾಗ ನಮ್ಮ ಮಗ ಪುಸ್ತಕ ಮುಚ್ಚಿಟ್ಟು ನೀರನ್ನೇ ನೋಡತೊಡಗಿದ.

ಸಿಡ್ನಿಯ ಕನ್ನಡ ಶಿಕ್ಷಕಿಯೊಬ್ಬರು: ಪಶ್ಚಿಮ ಸಿಡ್ನಿಯವರಿಗೆ ನಾನು ಸೂಚಿಸುವುದು ದಾರುಗ್ ಜನಾಂಗದ ಜಾಸ್ಮಿನ್ ಸೀಮೋರ್ ಮತ್ತು ಲಿಯಾನ್ ಮಲ್ಗೋ ವಾಟ್ಸನ್ ಅವರ ‘ಕೂಯೀ ಮಿಟ್ಟಿಗರ್’ (2019). ಇದರಲ್ಲಿ ಕಪ್ಪು ಹಂಸವೊಂದು ನಮ್ಮನ್ನು ಸ್ನೇಹಿತರೆಂದು ಕರೆದು ತನ್ನ ನೆಲವನ್ನು ತೋರಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಬ್ರೂಮ್ ಪಟ್ಟಣದ ಮಗಾಬಲಾ ಬುಕ್ಸ್ ಇದರ ಪ್ರಕಾಶಕರು. ಮೂಲನಿವಾಸಿಗಳದೇ ಆದ ಈ ಸಂಸ್ಥೆಯ ಪಟ್ಟಿಯನ್ನು ನೋಡಿದರೆ ಬೇರೆ ಊರಿನವರಿಗೂ ಏನಾದರೂ ದೊರೆಯುತ್ತದೆ. ಓದಿದ ಮೇಲೆ ಚಿತ್ರ ಬಿಡಿಸಲು ಹೇಳುವವರು ಚುಕ್ಕಿ ಚಿತ್ರಗಳನ್ನು ಅನುಕರಿಸಲು ದಯವಿಟ್ಟು ಹೇಳಬೇಡಿ. ಆ ಶೈಲಿ 1971ರಿಂದೀಚೆಗೆ ಮಧ್ಯ ಆಸ್ಟ್ರೇಲಿಯಾದ ಪಪುನ್ಯದಲ್ಲಿ ಬೆಳೆದದ್ದು, ದಾರುಗ್ ಜನರದಲ್ಲ. ನಮ್ಮ ತರಗತಿಯ ಮಕ್ಕಳು ತಾವು ಹಿತ್ತಲಲ್ಲಿ ಕಂಡ ಕೂಕಬರಾ, ಮ್ಯಾಗ್‌ಪೈ ಹಕ್ಕಿಗಳನ್ನೇ ಬರೆದರು. ಪುಸ್ತಕವನ್ನು ನಾಟಕವಾಗಿಸಬೇಕೆಂದು ಕೆಲವು ಪೋಷಕರು ಬಯಸಿದ್ದರು. ಲೇಖಕರ ಒಪ್ಪಿಗೆ ಪಡೆಯದೆ ಅದು ಸಲ್ಲದೆಂದು ಕೈಬಿಟ್ಟೆವು.

ಇನ್ನೊಬ್ಬರು: ಮಗಳು ಮನೆಯಲ್ಲಿ ‘ವೆಲ್‌ಕಮ್’ ಆಟ ಆಡತೊಡಗಿದರೆ ಒಂದು ವಿಷಯ ತಿಳಿಸಿಕೊಡಿ. ಸ್ವಾಗತ ಕೋರುವ ಅಧಿಕಾರ ಆ ನೆಲದ ಮೂಲ ಒಡೆಯರಿಗೆ ಮಾತ್ರ ಇರುತ್ತದೆ, ನಾವು ಮಾಡಬಹುದಾದದ್ದು ಅವರ ಸ್ಮರಣೆ. ಅವಳ ಶಾಲೆಯ ಸಭೆಯಲ್ಲಿ ನಡೆಯುತ್ತಿರುವುದೂ ಅದೇ.