ಇಂಜೆಕ್ಷನ್‌ಗೆ ಅಳದವಳು ಈಗ ಇರುವೆಗೆ ಅಳುತ್ತಾಳೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಗಳಿಗೆ 5 ವರ್ಷ ತುಂಬಿತು, ಕಳೆದ ವಾರ ಡಿಪಿಟಿ ಬೂಸ್ಟರ್ ಹಾಕಿಸಿದೆವು. ಅದೇ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಬರದಿರಲಿ ಅಂತ ಹಾಕುವುದು. ದಾರಿಯುದ್ದಕ್ಕೂ ನಾನು "ಏನಿಲ್ಲ ಪುಟ್ಟಾ, ಇರುವೆ ಕಚ್ಚಿದ ಹಾಗೆ ಅಷ್ಟೇ" ಅಂತ ಹೇಳಿಕೊಂಡೇ ಹೋದೆ. ಅಲ್ಲಿ ಒಂದು ಹನಿ ಕಣ್ಣೀರಿಲ್ಲ! ಸೂಜಿ ಒಳಗೆ ಹೋಗುವುದನ್ನೇ ಕಣ್ಣು ಬಿಟ್ಟು ನೋಡುತ್ತಾ ಕೂತಿದ್ದಳು, ಹೊರಡುವಾಗ ನರ್ಸಕ್ಕನಿಗೆ ಟಾಟಾ ಬೇರೆ. ನಾವಿಬ್ಬರೂ ಬೀಗಿದ್ದೇ ಬೀಗಿದ್ದು.

ರಾತ್ರಿ ತೋಳು ಊದಿ ಸ್ವಲ್ಪ ಜ್ವರ ಬಂತು. ಡಾಕ್ಟರ್ ಮೊದಲೇ ಹೇಳಿದ್ದರು, ಎರಡು ದಿನದಲ್ಲಿ ಹೋಯಿತು. ಸಮಸ್ಯೆ ಅದಲ್ಲ. ಈಗ ಇರುವೆ ಕಂಡರೆ ಕಿರುಚುತ್ತಾಳೆ! ಅಡುಗೆಮನೆ ಕಟ್ಟೆಯ ಮೇಲೆ ಸಕ್ಕರೆ ಡಬ್ಬದ ಹತ್ತಿರ ಸಾಲು ಕಂಡರೆ ಸಾಕು, ಕುರ್ಚಿ ಹತ್ತಿ ನಿಂತು "ಅಮ್ಮಾ, ಅವು ಇಂಜೆಕ್ಷನ್ ಕೊಡುತ್ತವೆ" ಅಂತ ಅಳು. ನನಗೂ ಮೊದಲು ನಗುವೇ ಬಂತು, ಆದರೆ ಈಗ ಅಂಗಳಕ್ಕೇ ಇಳಿಯುತ್ತಿಲ್ಲ.

ಮುಂದಿನ ವಾರ ಅವಳ ತಮ್ಮನಿಗೆ 16 ತಿಂಗಳ ಬೂಸ್ಟರ್, ಜೊತೆಗೆ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಎರಡನೇ ಡೋಸ್. ಇವಳನ್ನೂ ಕರೆದುಕೊಂಡು ಹೋಗಲಾ, ಬೇಡವಾ? ಸುಳ್ಳು ಹೇಳಿದ್ದು ನಾನೇ ಅಂತ ಒಪ್ಪಿಕೊಳ್ಳಲಾ, ಸುಮ್ನೆ ಬಿಟ್ಟರೆ ತಾನಾಗಿ ಮರೆಯುತ್ತಾಳಾ? ನಿಮ್ಮ ಮಕ್ಕಳು ಹೀಗೆ ಮಾಡಿದ್ದರೆ ದಯವಿಟ್ಟು ಹೇಳಿ. ಇರುವೆ ಪುಡಿ ಹಾಕು ಅನ್ನುವ ಸಲಹೆ ಅತ್ತೆಯಿಂದ ಆಗಲೇ ಬಂದಿದೆ, ಅದು ಬೇಡ.